ಡಬ್ಬಿಯಲ್ಲಿ ಸಿಕ್ಕ ಹಳೆ ಕಾಡತೂಸು ಹಾರಿಸಬಹುದಾ?

ಪ್ರಶ್ನೆ: ಅಪ್ಪನ 12 ಬೋರ್ ಬಂದೂಕಿನ ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಜೊತೆಗೆ ಒಂದು ಡಬ್ಬಿ ಹಳೆ ಕಾಡತೂಸು ಸಿಕ್ಕಿವೆ. ಕೆಲವದರ ಮೇಲೆ ಅಕ್ಷರವೇ ಇಲ್ಲ. ಶೇಂಗಾ ಹೊಲಕ್ಕೆ ಬರುವ ಹಂದಿಗಳನ್ನು ಬೆದರಿಸಲು ಸುಮ್ನೆ ಮೇಲಕ್ಕೆ ಹಾರಿಸಿದರೆ ನಡೆಯುತ್ತಾ?
– ಕನಕಗಿರಿ ಕಡೆಯ ರೈತರು, ಕೊಪ್ಪಳ ಜಿಲ್ಲೆ

ಉತ್ತರ: ಬೇಡ. ಮೇಲಕ್ಕೆ ಹಾರಿಸಿದರೂ ಮದ್ದು ಉರಿಯುವುದು ನಿಮ್ಮ ಮುಖದ ಹತ್ತಿರವೇ ಅಲ್ವಾ?

ಹಾರದೇ ಉಳಿಯುವ ಕಾಡತೂಸಿಗಿಂತ ಅರ್ಧಂಬರ್ಧ ಹಾರುವುದು ಜಾಸ್ತಿ ಅಪಾಯ. ಮದ್ದು ತೇವ ಹಿಡಿದಿದ್ದರೆ ‘ಢಂ’ ಅನ್ನುವ ಬದಲು ‘ಠುಸ್’ ಅನ್ನುತ್ತದೆ. ಆಗ ಒಳಗಿನ ವಾಡ್ (ಮದ್ದಿಗೂ ಗುಂಡಿಗೂ ನಡುವೆ ಇರುವ ಬಿರಡೆಯಂಥ ತುಂಡು) ನಳಿಗೆಯ ನಡುವೆಯೇ ಸಿಕ್ಕಿಕೊಳ್ಳಬಹುದು. ಹೊಲದಲ್ಲಿ ಕತ್ತಲು, ಎದುರಿಗೆ ಹಂದಿ, ಕೈಯಲ್ಲಿ ಗಡಿಬಿಡಿ. ನಳಿಗೆ ನೋಡದೆ ಇನ್ನೊಂದು ತುಂಬಿ ಟ್ರಿಗರ್ ಒತ್ತಿದರೆ ನಳಿಗೆಯೇ ಸೀಳಿಹೋಗಬಹುದು. ಬಂದೂಕಿಗೆ ಆಸರೆ ಕೊಟ್ಟ ಎಡಗೈ ಇರುವುದೂ ಅಲ್ಲೇ.

ಡಬ್ಬಿಯಲ್ಲಿ 12ಕ್ಕಿಂತ ತೆಳ್ಳಗಿನ 20 ಬೋರ್ ಕಾಡತೂಸು ಒಂದೇ ಒಂದು ಸೇರಿದ್ದರೂ ಇದೇ ಗತಿ. ಅದು 12 ಬೋರ್ ಚೇಂಬರಿನಲ್ಲಿ, ಅಂದರೆ ಕಾಡತೂಸು ಕೂರುವ ಜಾಗದಲ್ಲಿ, ನಿಲ್ಲದೆ ಮುಂದೆ ಜಾರಿ ನಳಿಗೆಯಲ್ಲಿ ಕೂರುತ್ತದೆ. ಚೇಂಬರ್ ಖಾಲಿ ಕಾಣುತ್ತದೆ, ಇನ್ನೊಂದು ತುಂಬುತ್ತೀರಿ. ಈ ಗೊಂದಲ ತಪ್ಪಲಿ ಎಂದೇ 20 ಬೋರ್ ಕಾಡತೂಸಿಗೆ ಸಾಮಾನ್ಯವಾಗಿ ಹಳದಿ ಬಣ್ಣ. ಹಳೇ ಸರಕಿನಲ್ಲಿ ಬಣ್ಣ ನಂಬುವಂತಿಲ್ಲ.

ಉದ್ದವೂ ಮೋಸ ಮಾಡುತ್ತದೆ. ಎಷ್ಟೋ ಹಳೆ ಬಂದೂಕುಗಳ ಚೇಂಬರ್ 65 ಮಿಲಿಮೀಟರ್. ಈಗಿನ 70 ಮಿಲಿಮೀಟರ್ ಕಾಡತೂಸು ಅದರಲ್ಲಿ ಆರಾಮಾಗಿ ಕೂರುತ್ತದೆ, ಯಾಕೆಂದರೆ 70 ಅನ್ನುವುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಅಳತೆ. ಬಿಚ್ಚಲು ಜಾಗ ಸಾಲದಿದ್ದರೆ ಒತ್ತಡ ಏರುತ್ತದೆ. ಯಾರೋ ಮನೆಯಲ್ಲೇ ತುಂಬಿದ್ದಾದರೆ ಯಾವ ಮದ್ದು, ಎಷ್ಟು ಅಂತ ದೇವರಿಗೇ ಗೊತ್ತು.

ಹೊಸ ಕಾಡತೂಸೂ ಒಮ್ಮೊಮ್ಮೆ ಹಾರುವುದಿಲ್ಲ. ಆಗ ತಕ್ಷಣ ಬಂದೂಕು ಮಡಚಿ ತೆರೆಯಬೇಡಿ. ತಡವಾಗಿ ಹಾರುವುದೂ ಉಂಟು. ಯಾರೂ ಇಲ್ಲದ ಕಡೆಗೆ ನಳಿಗೆಯ ಬಾಯಿ ತಿರುಗಿಸಿ ಒಂದು ನಿಮಿಷ ಕಾಯಿರಿ.

ಡಬ್ಬಿಯನ್ನು ಹೊಲದಲ್ಲಿ ಹೂಳಬೇಡಿ, ಬೆಂಕಿಗೆ ಹಾಕಬೇಡಿ, ಬಿಚ್ಚಿ ನೋಡಲೂ ಬೇಡಿ. ಆಯುಧ ಕಾಯ್ದೆಯಲ್ಲಿ ಕಾಡತೂಸಿಗೂ ಲೈಸೆನ್ಸ್ ಬೇಕು. ಮೊದಲು ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ. ಅವರು ಹೇಳಿದಂತೆ ಒಪ್ಪಿಸಿ, ರಸೀದಿ ಪಡೆಯಿರಿ. ಹೊಸದನ್ನು ಲೈಸೆನ್ಸ್ ಇರುವ ಅಂಗಡಿಯಲ್ಲೇ ಕೊಳ್ಳಿ. ಬಂದೂಕನ್ನೂ ಜೊತೆಗೆ ಒಯ್ದು ಚೇಂಬರ್ ಅಳತೆ ಮಾಡಿಸಿ.