ಯುಗಾದಿ ಟಿಪ್ಪಣಿ: ಸಂವತ್ಸರದ ಹೆಸರು ಹಿಡಿಯುವ ಬಗೆ

ಯುಗಾದಿ ಚೈತ್ರ ಶುದ್ಧ ಪಾಡ್ಯದ ಹಬ್ಬ. ಚಾಂದ್ರಮಾನದ ಹೊಸ ವರ್ಷ ಅಂದೇ ಹುಟ್ಟುತ್ತದೆ. ಮಾವಿನ ತೋರಣ, ಎಣ್ಣೆಸ್ನಾನ, ಹೋಳಿಗೆಗಳನ್ನು ಇಲ್ಲಿ ವಿವರಿಸುತ್ತಿಲ್ಲ. ನನ್ನನ್ನು ಎರಡು ದಿನ ಕಾಡಿದ್ದು ಸಂವತ್ಸರದ ಲೆಕ್ಕ.

ಪ್ರಭವದಿಂದ ಅಕ್ಷಯದವರೆಗೆ ಹೆಸರುಗಳು 60. ಮುಗಿದರೆ ಮತ್ತೆ ಪ್ರಭವ. ಸೂತ್ರ ಹೀಗಿದೆ: ಶಾಲಿವಾಹನ ಶಕ ವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಬೇಕು, ಉಳಿದ ಶೇಷವೇ ಸಂವತ್ಸರದ ಸಂಖ್ಯೆ. 2025ರ ಯುಗಾದಿಗೆ ಶಕ 1947. 12 ಕೂಡಿಸಿದರೆ 1959, ಶೇಷ 39, ಅಂದರೆ ವಿಶ್ವಾವಸು. ಶೇಷ ಸೊನ್ನೆ ಬಂದರೆ ಅಕ್ಷಯ.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಇನ್ನೊಂದಿದೆ. ಈಗಿನ ಚಕ್ರದ ಪ್ರಭವ 1987ರಲ್ಲಿ ಬಂತು. ಆದ್ದರಿಂದ ಇಸವಿಯಿಂದ 1986 ಕಳೆದರೆ ಸಾಕು: 2024ಕ್ಕೆ 38, ಕ್ರೋಧಿ. ಉತ್ತರ ಋಣ ಸಂಖ್ಯೆಯಾದರೆ 60 ಕೂಡಿಸಿ. 1947ಕ್ಕೆ ಋಣ 39. 60 ಕೂಡಿಸಿದರೆ 21. ಸ್ವಾತಂತ್ರ್ಯ ಬಂದದ್ದು ಸರ್ವಜಿತು ಸಂವತ್ಸರದಲ್ಲಿ!

ಎಡವಿದ್ದು ಇಲ್ಲಿ. ತಂಗಿ ಹುಟ್ಟಿದ್ದು 1995ರ ಫೆಬ್ರವರಿಯಲ್ಲಿ. 1995ರಿಂದ 1986 ಕಳೆದು 9, ಯುವ ಎಂದು ಬರೆದೆ. ಜಾತಕದಲ್ಲಿ ಭಾವ ಎಂದಿತ್ತು. ಜಾತಕವೇ ತಪ್ಪೆಂದುಕೊಂಡೆ, ಕೂಡಿ ಕಳೆದು ನೋಡಿದೆ, ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಇಸವಿ. ಸಂವತ್ಸರ ಜನವರಿ 1ರಂದು ಬದಲಾಗುವುದಿಲ್ಲ, ಯುಗಾದಿಯಂದು ಬದಲಾಗುತ್ತದೆ. ಫೆಬ್ರವರಿಯಲ್ಲಿ ಇನ್ನೂ ಹಳೆಯ ವರ್ಷವೇ ನಡೆದಿರುತ್ತದೆ. ಹಾಗಾಗಿ 1994ನ್ನು ಹಿಡಿಯಬೇಕು: 8, ಭಾವ. ಜನವರಿಯಿಂದ ಯುಗಾದಿಯ ಹಿಂದಿನ ದಿನದವರೆಗಿನ ಯಾವ ದಿನಾಂಕಕ್ಕೂ ಮೊದಲು ಇಸವಿಯಲ್ಲಿ ಒಂದು ಕಳೆಯಿರಿ, ಆಮೇಲೆ ಉಳಿದ ಲೆಕ್ಕ. ಮಾರ್ಚ್, ಏಪ್ರಿಲ್ ದಿನಾಂಕವಾದರೆ ಆ ವರ್ಷದ ಯುಗಾದಿ ಯಾವಾಗ ಎಂದು ಪಂಚಾಂಗ ತೆರೆದು ನೋಡಲೇಬೇಕು.

ತುಳುನಾಡಿನ ಗೆಳೆಯರು ಗಮನಿಸಿ: ನಿಮ್ಮ ಹೊಸ ವರ್ಷವಾದ ಬಿಸು ಸೌರಮಾನದ್ದು. ಸೂರ್ಯ ಮೇಷ ರಾಶಿಗೆ ಬರುವುದನ್ನು ಹಿಡಿದು ಏಪ್ರಿಲ್ ಮಧ್ಯದಲ್ಲಿ ಬರುತ್ತದೆ.

ಬೇವು ಬೆಲ್ಲಕ್ಕೆ ಸಿಹಿ-ಕಹಿಯ ಅರ್ಥವನ್ನೇ ಎಲ್ಲರೂ ಹೇಳುತ್ತೇವೆ. ತಿನ್ನುವಾಗ ಹೇಳುವ ಶ್ಲೋಕದಲ್ಲಿ ಇರುವುದು ಬೇರೆ: ನೂರು ವರ್ಷ ಆಯುಸ್ಸು, ವಜ್ರದಂಥ ದೇಹ, ಸಂಪತ್ತು, ಅರಿಷ್ಟಗಳ ನಾಶ. ಈ ಅರ್ಥ ನನಗೆ ಹೆಚ್ಚು ಹಿಡಿಸಿತು. ಬೇವು ಅಲ್ಲಿ ಮೊದಲಿಗೆ ಮದ್ದು.

ಸಂಜೆಯ ಪಂಚಾಂಗ ಶ್ರವಣದಲ್ಲಿ ವರ್ಷದ ರಾಜ ಯಾರೆಂದು ಓದುತ್ತಾರೆ. ಯುಗಾದಿ ಬಿದ್ದ ವಾರದ ಅಧಿಪತಿಯೇ ರಾಜ. 2024ರಲ್ಲಿ ಹಬ್ಬ ಮಂಗಳವಾರ ಬಂದದ್ದರಿಂದ ಕುಜ, 2025ರಲ್ಲಿ ಭಾನುವಾರ ಬಂದದ್ದರಿಂದ ರವಿ.