ಟಿವಿ ಕೆಲಸ ಬಿಡುವಾಗ ಸುಳ್ಳು ಹೇಳಬೇಕಾಗಿಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ, ಹೊನ್ನಾವರ, ಈ ಕಡೆಯಿಂದ ಬೆಂಗಳೂರಿನ ಸುದ್ದಿ ವಾಹಿನಿಗಳಿಗೆ ಹೋದ ಹುಡುಗ ಹುಡುಗಿಯರು ಬಹಳ. ಕೆಲವರು ಸುದ್ದಿ ಸಿದ್ಧಪಡಿಸುವ ಡೆಸ್ಕಿನಲ್ಲಿದ್ದಾರೆ, ಕೆಲವರು ಪರದೆಯ ಮೇಲೆ ಕಾಣುತ್ತಾರೆ. ಕಾರವಾರದಲ್ಲಿ ವಕೀಲಿಕೆ ಮಾಡುವ ನನ್ನ ಬಳಿ ಅವರು ಬರುವುದು ಹಬ್ಬಕ್ಕೆ ಊರಿಗೆ ಬಂದಾಗ, ಮೊಬೈಲಿನಲ್ಲಿ ಕರಾರಿನ ಪಿಡಿಎಫ್ ಇಟ್ಟುಕೊಂಡು. ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಸರ್, ಇವರು ನನ್ನನ್ನ ಬಿಡ್ತಾರಾ?"

ಅದರ ಹಿಂದೆ ಇರುವುದು ಭಯ. ಆ ಭಯದಿಂದಲೇ ಸುಳ್ಳು ಹುಟ್ಟುತ್ತದೆ. ಅಪ್ಪನಿಗೆ ಹುಷಾರಿಲ್ಲ, ತೋಟ ನೋಡುವವರಿಲ್ಲ, ಊರಿಗೆ ಹೋಗಲೇಬೇಕು ಎಂದು ಬರೆದುಕೊಟ್ಟು ಹೊರಬೀಳುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಇನ್ನೊಂದು ವಾಹಿನಿಯ ಪ್ರೋಮೋದಲ್ಲಿ ಅದೇ ಮುಖ ಬರುತ್ತದೆ. ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಇಂಥದ್ದು ಯಾರಿಗೂ ಗೊತ್ತಾಗದೆ ಹೋಗಬಹುದು. ಟಿವಿಯಲ್ಲಿ ಹಾಗಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಹುಷಾರಿಲ್ಲ ಎಂದು ಹೆಸರು ಹೇಳಿಸಿಕೊಂಡ ಅಪ್ಪ ಶಿರಸಿ ಪೇಟೆಯಲ್ಲಿ ನಾಲ್ಕು ಜನಕ್ಕೆ ಉತ್ತರ ಹೇಳಬೇಕಾಗುತ್ತದೆ.

ಕರಾರಿನಲ್ಲಿ ಬರೆದಿರುವಷ್ಟು ಹೆದರಿಕೆ ಕಾನೂನಿನಲ್ಲಿ ಇಲ್ಲ. ಅದನ್ನು ತಿಳಿದುಕೊಂಡರೆ ನಿಜ ಹೇಳಿಯೇ ಹೊರಬರಬಹುದು. ಈ ವಿಷಯದಲ್ಲಿ ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಇದೇ.

ಮೊದಲನೆಯದು, ಯಾವ ಕೋರ್ಟೂ ನಿಮ್ಮನ್ನು ಎಳೆದು ತಂದು ಕೂರಿಸಿ ವಾರ್ತೆ ಓದಿಸುವುದಿಲ್ಲ. ಒಬ್ಬರ ಸ್ವಂತ ಪ್ರತಿಭೆಯನ್ನು ನಂಬಿದ ಸೇವಾ ಕರಾರನ್ನು ಬಲವಂತವಾಗಿ ಜಾರಿ ಮಾಡಿಸಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಬಿಡುವುದಿಲ್ಲ. ಎರಡನೆಯದು, "ಬಿಟ್ಟ ಮೇಲೆ ಒಂದು ವರ್ಷ ಬೇರೆ ವಾಹಿನಿ ಸೇರುವಂತಿಲ್ಲ" ಎಂಬ ಕಲಂ. ಇದನ್ನು ನೋಡಿಯೇ ಹೆಚ್ಚಿನವರು ನಿದ್ದೆ ಕೆಡಿಸಿಕೊಳ್ಳುತ್ತಾರೆ. ಒಬ್ಬನ ಕಸುಬಿಗೆ ಅಡ್ಡಬರುವ ಒಪ್ಪಂದ ಅನೂರ್ಜಿತ ಎಂದು 1872ರ ಕರಾರು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ ಇದೇ ವಿಷಯ ಬಂದಿತ್ತು. ಕರಾರಿನ ಅವಧಿ ಮುಗಿದ ಮೇಲೂ, ಬೇರೆಯವರ ಜೊತೆ ಒಪ್ಪಂದ ಮಾಡಿಕೊಳ್ಳುವ ಮೊದಲು ನಮ್ಮನ್ನೇ ಕೇಳಬೇಕು ಎಂದು ಅವರ ಹಳೆಯ ಏಜೆನ್ಸಿ ಹಟ ಹಿಡಿದಿತ್ತು. ಅವಧಿಯ ಆಚೆಗೆ ಹಾಗೆ ಕಟ್ಟಿಹಾಕಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು.

ಆದರೆ ಅವಧಿಯ ಒಳಗೆ ಕಥೆ ಬೇರೆ. ಐದು ವರ್ಷಕ್ಕೆ ಸಹಿ ಹಾಕಿ, ನಡುವೆಯೇ ಎದುರಾಳಿ ಕಂಪನಿಗೆ ಹೋದ ಒಬ್ಬ ನೌಕರನನ್ನು, ಉಳಿದ ಅವಧಿಯಲ್ಲಿ ಅಂಥ ಕೆಲಸ ಬೇರೆ ಕಡೆ ಮಾಡದಂತೆ ತಡೆದದ್ದನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಎತ್ತಿಹಿಡಿದಿದೆ. ಹಾಗಾಗಿ ಮೂರು ವರ್ಷದ ಕರಾರಿಗೆ ಸಹಿ ಹಾಕಿದ ನಿರೂಪಕಿ ಎರಡನೇ ವರ್ಷದಲ್ಲಿ ಎದುರಿನ ವಾಹಿನಿಗೆ ಹಾರಿದರೆ ಹಳೆಯವರು ಕೋರ್ಟಿಗೆ ಹೋಗಬಹುದು, ಗೆಲ್ಲಲೂಬಹುದು. ಅವಧಿಗೆ ಮೊದಲೇ ಬಿಟ್ಟರೆ ಕಟ್ಟುತ್ತೇನೆ ಎಂದು ಬರೆದುಕೊಟ್ಟ ಬಾಂಡಿನ ದುಡ್ಡೂ ಅಷ್ಟೇ. ಅದಕ್ಕೆ ಬೆಲೆಯೇ ಇಲ್ಲ ಎಂದು ಯಾರೋ ಹೇಳಿದ್ದನ್ನು ನಂಬಬೇಡಿ. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ವಿಜಯಾ ಬ್ಯಾಂಕಿನ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಕೊಂಡಿದೆ. ಎಲ್ಲ ಬಾಂಡಿಗೂ ಅದೇ ತೀರ್ಪು ಅಂಟುವುದಿಲ್ಲ, ಮೊತ್ತ ನ್ಯಾಯವಾಗಿರಬೇಕು.

ಸಹಿ ಹಾಕಿದ ಮಾತಿಗೆ ಬೆಲೆ ಕೊಡುವುದು ಕೋರ್ಟಿನ ಭಯಕ್ಕಷ್ಟೇ ಅಲ್ಲ. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ಮೇಳ ಬದಲಾಯಿಸುವುದು ಹೊಸದೇನಲ್ಲ, ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದೂ ಇಲ್ಲ. ವರ್ಷದ ತಿರುಗಾಟ, ಅಂದರೆ ಊರೂರಿನ ಆಟಗಳು, ಮುಗಿದ ಮೇಲೆ ಹೋಗುತ್ತಾರೆ, ಮಳೆಗಾಲದಲ್ಲಿ ಮಾತುಕತೆ ಆಗುತ್ತದೆ. ನಡುವೆ ಬಿಟ್ಟುಹೋದರೆ ಮಾತ್ರ ಭಾಗವತರಿಂದ ಹಿಡಿದು ಚೌಕಿಯವರ (ಬಣ್ಣದ ಮನೆಯವರ) ತನಕ ಎಲ್ಲರಿಗೂ ತಾಪತ್ರಯ. ಟಿವಿಯಲ್ಲೂ ಚುನಾವಣೆ ಎಣಿಕೆಯ ಹಿಂದಿನ ವಾರ, ಬಜೆಟ್ ವಾರ ಎಂದೆಲ್ಲ ಇರುತ್ತದೆ. ಆ ಹೊತ್ತಿಗೆ ರಾಜೀನಾಮೆ ಇಟ್ಟು ಸಂಬಳ ಏರಿಸಿಕೊಳ್ಳುವ ಚೌಕಾಶಿ ಮಾಡುವವರಿದ್ದಾರೆ. ಕಾನೂನಿನಲ್ಲಿ ತಪ್ಪಿಲ್ಲದಿರಬಹುದು. ನನಗಂತೂ ಸರಿ ಕಾಣುವುದಿಲ್ಲ.

ನೋಟಿಸ್ ಕೊಟ್ಟ ದಿನವೇ ಪರದೆಯಿಂದ ಇಳಿಸಿಬಿಡುವುದು ಈ ಉದ್ಯಮದಲ್ಲಿ ಮಾಮೂಲು. ನಿನ್ನೆಯವರೆಗೆ ಪ್ರೈಮ್ ಟೈಮ್, ಇವತ್ತು ಕಾರ್ಡು ಒತ್ತಿದರೆ ಗೇಟು ತೆರೆಯುವುದಿಲ್ಲ. ತುಂಬ ನೋವಾಗುತ್ತದೆ, ಅವಮಾನ ಅನಿಸುತ್ತದೆ. ಆದರೆ ನೋಟಿಸ್ ಅವಧಿಯ ಸಂಬಳ ಕೊಡುತ್ತಿದ್ದರೆ, ನಿಮ್ಮನ್ನು ಪರದೆಯ ಮೇಲೆ ತೋರಿಸಲೇಬೇಕು ಎಂದು ಕೇಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಇದು ಗೊತ್ತಿರುವ ಕೆಲವರು, ಯಾರಿಗೂ ಹೇಳದೆ ಕೊನೆಯ ಬುಲೆಟಿನ್ನಿನಲ್ಲಿ ಲೈವಲ್ಲೇ ವಿದಾಯ ಹೇಳಿಬಿಡೋಣ ಅಂದುಕೊಳ್ಳುತ್ತಾರೆ. ಬೇಡ. ಆ ಅರ್ಧ ಗಂಟೆ ಸುದ್ದಿ ನೋಡಲು ಕೂತವರದ್ದು, ಅದಕ್ಕೆ ಉತ್ತರ ಕೊಡಬೇಕಾದವರು ಪ್ರಸಾರ ನಿಯಂತ್ರಿಸುವ ಕೋಣೆಯಲ್ಲಿ (ಪಿಸಿಆರ್) ಕೂತ ಪ್ರೊಡ್ಯೂಸರ್. ಅನುಮತಿ ಕೇಳಿ. ಕೊಟ್ಟರೆ ಎರಡು ಮಾತು ಹೇಳಿ, ಕೊಡದಿದ್ದರೆ ಸುಮ್ನೆ ಎದ್ದು ಬನ್ನಿ.

ದೊಡ್ಡ ಹೆಸರಿನವರು ಹೊರಬಂದ ರೀತಿಗಳಲ್ಲಿ ನಾನು ಹೆಚ್ಚಾಗಿ ಉದಾಹರಣೆ ಕೊಡುವುದು ಅಮೆರಿಕದ ಹಾಸ್ಯ ನಿರೂಪಕ ಕೋನನ್ ಓಬ್ರಿಯನ್ ಅವರದ್ದು. 2010ರ ಜನವರಿಯಲ್ಲಿ ಎನ್‌ಬಿಸಿ ವಾಹಿನಿ ಅವರ 'ದಿ ಟುನೈಟ್ ಶೋ'ವನ್ನು ಮಧ್ಯರಾತ್ರಿಯ ಆಚೆಗೆ ತಳ್ಳಲು ಹೊರಟಿತು. ಆ ಕಾರ್ಯಕ್ರಮ ಅವರ ಕೈಗೆ ಬಂದು ಏಳೆಂಟು ತಿಂಗಳಾಗಿತ್ತಷ್ಟೇ. ಅವರು ಒಪ್ಪಲಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ತಮ್ಮ ಹೆಸರಿನಲ್ಲೇ ಬಹಿರಂಗವಾಗಿ ಬರೆದರು. ಕೊನೆಗೆ ಆದ ರಾಜಿಯ ಮೊತ್ತ, ಆಗಿನ ವರದಿಗಳ ಪ್ರಕಾರ, ಸುಮಾರು 4.5 ಕೋಟಿ ಡಾಲರ್. ಅದರಲ್ಲಿ ಸುಮಾರು 1.2 ಕೋಟಿ ಡಾಲರ್ ಅವರ ಸಿಬ್ಬಂದಿಗೆ ಹೋಯಿತು. ತನ್ನನ್ನು ನಂಬಿ ಬಂದವರ ಪರಿಹಾರದ ಮಾತು ಮುಗಿಯುವವರೆಗೆ ಎಳೆದಾಡಿದ ಮನುಷ್ಯ ಅವರು. ಜನವರಿ 22ರ ಕೊನೆಯ ಕಂತಿನಲ್ಲಿ ಅದೇ ಎನ್‌ಬಿಸಿಗೆ ಧನ್ಯವಾದ ಹೇಳಿದರು, ನೋಡುತ್ತಿದ್ದ ಯುವಕರಿಗೆ ಸಿನಿಕರಾಗಬೇಡಿ ಎಂದರು. ರಾಜಿಯ ಷರತ್ತಿನಂತೆ ಕೆಲವು ತಿಂಗಳು ಟಿವಿಗೆ ಬರುವಂತಿರಲಿಲ್ಲ, ಆಗ ಊರೂರಿಗೆ ಹೋಗಿ ವೇದಿಕೆ ಮೇಲೆ ಕಾರ್ಯಕ್ರಮ ಕೊಟ್ಟರು. ಷರತ್ತು ಮುರಿಯಲಿಲ್ಲ.

ಅಷ್ಟು ದುಡ್ಡು ನಮ್ಮಲ್ಲಿ ಯಾರಿಗೂ ಸಿಗುವುದಿಲ್ಲ, ನಿಜ. ಆದರೆ ಜೊತೆಯವರ ಪ್ರಶ್ನೆ ನಮ್ಮಲ್ಲೂ ಇದ್ದೇ ಇದೆ, ಇನ್ನೂ ಜಾಸ್ತಿಯೇ ಇದೆ. ಈ ಜಿಲ್ಲೆಯ ಸ್ಟ್ರಿಂಗರ್‌ಗಳನ್ನು, ಅಂದರೆ ಊರಿನಿಂದ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರರನ್ನು ತೆಗೆದುಕೊಳ್ಳಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ, ಬೆಂಗಳೂರಿನ ನೇರಪ್ರಸಾರದ ಒಬಿ ವ್ಯಾನು ಬರುವ ಮೊದಲು ಮಳೆಯಲ್ಲಿ ನಿಂತು ವಿಡಿಯೋ ಕಳಿಸಿದವರು ಇಂಥ ಸ್ಥಳೀಯರು. ಇವರಲ್ಲಿ ಬಹಳ ಜನಕ್ಕೆ ಸಂಬಳವಿಲ್ಲ, ಸುದ್ದಿಗೆ ಇಷ್ಟು ಎಂಬ ಲೆಕ್ಕ, ಅದೂ ಡೆಸ್ಕಿನಲ್ಲಿದ್ದ ಒಬ್ಬರ ಬಾಯಿಮಾತಿನ ಮೇಲೆ. ಆ ಒಬ್ಬರು ಕೆಲಸ ಬಿಟ್ಟರೆ ಬಾಕಿ ಬಿಲ್ಲಿಗೆ ಅಪ್ಪ ಅಮ್ಮ ಇಲ್ಲದಂತಾಗುತ್ತದೆ. ಹೊಸದಾಗಿ ಬಂದವರು "ನಂಗೆ ಗೊತ್ತಿಲ್ಲ" ಅನ್ನುತ್ತಾರೆ. ಹೀಗೆ ದುಡ್ಡು ಮುಳುಗಿ ನನ್ನ ಬಳಿ ಬಂದವರಿದ್ದಾರೆ, ಕೈಯಲ್ಲಿ ವಾಟ್ಸ್ಆ್ಯಪ್ ಸಂದೇಶ ಬಿಟ್ಟರೆ ಒಂದು ಕಾಗದವಿಲ್ಲ. ನೀವು ಹೊರಡುವವರಾದರೆ ಯಾರಿಗೆ ಎಷ್ಟು ಬಾಕಿ ಎಂದು ಬರೆದು, ಲೆಕ್ಕದ ವಿಭಾಗಕ್ಕೆ ಇಮೇಲ್ ಮಾಡಿ, ಅದರ ಪ್ರತಿಯನ್ನು ಆ ಸ್ಟ್ರಿಂಗರ್‌ಗೂ ಕಳಿಸಿ. ಹತ್ತು ನಿಮಿಷದ ಕೆಲಸ. ವಿದಾಯದ ಕೇಕಿಗಿಂತ ಇದು ದೊಡ್ಡದು ಎಂದು ನಾನು ನಂಬಿದ್ದೇನೆ.

ಏನನ್ನು ತೆಗೆದುಕೊಂಡು ಹೋಗಬಹುದು ಎಂಬುದರಲ್ಲೂ ಗೊಂದಲವಿದೆ. ನೌಕರಿಯಲ್ಲಿದ್ದಾಗ ಕೆಲಸದ ಭಾಗವಾಗಿ ಮಾಡಿದ್ದರ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಸ್ಥೆಯದ್ದೇ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುತ್ತದೆ. ನಾನೇ ಹೋಗಿ ತೆಗೆಸಿದ ಫುಟೇಜ್ ಎಂದು ಹಾರ್ಡ್‌ಡಿಸ್ಕಿಗೆ ಹಾಕಿಕೊಂಡು ಹೋಗಬೇಡಿ. ನಿಮ್ಮ ಕೆಲಸದ ಮಾದರಿ ತೋರಿಸುವ ಶೋರೀಲ್‌ಗೆ ಎರಡು ಮೂರು ತುಣುಕು ಬೇಕಿದ್ದರೆ ಇಮೇಲಿನಲ್ಲಿ ಕೇಳಿ, ಒಪ್ಪಿಗೆಯನ್ನು ಉಳಿಸಿಕೊಳ್ಳಿ. ವಾಹಿನಿಯ ಹೆಸರು ಸೇರಿಸಿ ಮಾಡಿದ ಫೇಸ್‌ಬುಕ್ ಪೇಜಿನ ಪಾಸ್‌ವರ್ಡ್ ಬರೆದುಕೊಟ್ಟು ಬನ್ನಿ. ಸುದ್ದಿಮೂಲಗಳದ್ದು ಮಾತ್ರ ಬೇರೆ. ಹೆಸರು ಹೊರಗೆ ಬರಬಾರದು ಎಂದು ನಿಮ್ಮನ್ನು ನಂಬಿ ಮಾತಾಡಿದ ಒಬ್ಬ ಗುಮಾಸ್ತನ ನಂಬರನ್ನು, ಅವರನ್ನು ಕೇಳದೆ, ಕೆಲಸ ಒಪ್ಪಿಸುವ ಹ್ಯಾಂಡ್‌ಓವರ್ ಪಟ್ಟಿಯಲ್ಲಿ ಬರೆದು ಕೊಡಬಾರದು. ಕೊಡಲೇಬೇಕು ಎಂದು ಒತ್ತಾಯ ಬಂದರೂ ಅಷ್ಟೇ.

ಮರ್ಯಾದೆಯಿಂದ ಹೊರಬರುವುದು ಎಂದರೆ ಬಾಯಿ ಮುಚ್ಚಿಕೊಂಡು ಬರುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಹಿಂದಿಯ ಸುದ್ದಿ ನಿರೂಪಕ ರವೀಶ್ ಕುಮಾರ್ 2022ರ ನವೆಂಬರ್ 30ರಂದು ಎನ್‌ಡಿಟಿವಿ ಬಿಟ್ಟರು, ಯಾಕೆ ಬಿಟ್ಟೆ ಎಂದು ತಮ್ಮ ಯೂಟ್ಯೂಬ್ ಚಾನೆಲ್ಲಿನಲ್ಲಿ ತಾವೇ ಹೇಳಿದರು. ಅವರ ವಿಚಾರ ನಿಮಗೆ ಹಿಡಿಸಲಿ ಬಿಡಲಿ, ರಾಜೀನಾಮೆ ಕೊಟ್ಟು, ತಮ್ಮ ಹೆಸರಿನಲ್ಲಿ, ಮುಖ ತೋರಿಸಿ ಹೇಳಿದ್ದು ನೇರವಾದ ದಾರಿ. ಒಳಗೇ ಇದ್ದುಕೊಂಡು ನಕಲಿ ಖಾತೆಯಿಂದ ಸಂಪಾದಕರ ಮೇಲೆ ಕೆಸರು ಎರಚುವುದು ಆ ದಾರಿಯಲ್ಲ, ಮಾನನಷ್ಟದ ಕೇಸಿಗೂ ಅದೇ ಸುಲಭದ ತುತ್ತು.

ಲೈಂಗಿಕ ಕಿರುಕುಳದಿಂದ ಕೆಲಸ ಬಿಡುತ್ತಿರುವ ಹೆಣ್ಣುಮಕ್ಕಳಿಗೆ ಬೇರೆಯಾಗಿ ಹೇಳಬೇಕು. "ಒಳ್ಳೆ ರೀತಿಯಲ್ಲಿ ಹೋಗಮ್ಮ, ನಿನ್ನ ಮುಂದಿನ ಭವಿಷ್ಯ ನೋಡ್ಕೋ" ಎಂದು ಯಾರಾದರೂ ಹೇಳಿದರೆ ತಲೆಯಾಡಿಸಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಘಟನೆಯಾದ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೆ ಬರಹದಲ್ಲಿ ದೂರು ಕೊಡಬಹುದು. ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ರಾಜೀನಾಮೆ ಕೊಟ್ಟಿದ್ದೇನೆ ಎಂಬ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ. ದುಡ್ಡು ಕೊಟ್ಟು ರಾಜಿ ಮಾಡಿಸಲು ಆ ಕಾಯ್ದೆಯಲ್ಲಿ ಅವಕಾಶವಿಲ್ಲ. ರಾಜೀನಾಮೆ ಪತ್ರದಲ್ಲಿ "ವೈಯಕ್ತಿಕ ಕಾರಣ" ಎಂದು ಬರೆಯುವ ಮೊದಲು ಇದನ್ನು ಯೋಚಿಸಿ. ನಾಳೆ ಅದೇ ಎರಡು ಪದ ನಿಮ್ಮ ಎದುರಿಗೆ ಬರುತ್ತದೆ.

ದುಡ್ಡಿನ ಮಾತು ಚಿಕ್ಕದಾಗಿ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಪಿಎಫ್ ತೆಗೆಯುವ ಬದಲು ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ. ನೀವು ನೌಕರರೋ, "ಕನ್ಸಲ್ಟೆಂಟ್" ಎಂದು ಬರೆಸಿಕೊಂಡವರೋ ಎಂಬುದನ್ನು ಮೊದಲು ನೋಡಿ, ಪಿಎಫ್, ಗ್ರಾಚ್ಯುಟಿ ಎಲ್ಲ ಅದರ ಮೇಲೆ ನಿಂತಿದೆ. ಸಂಬಳದ ಚೀಟಿ, ಕರಾರು ಎಲ್ಲವನ್ನೂ ಸ್ವಂತ ಇಮೇಲಿಗೆ ಕಳಿಸಿಕೊಂಡಿರಿ, ಗೇಟಿನ ಕಾರ್ಡು ನಿಲ್ಲುವ ದಿನವೇ ಆಫೀಸಿನ ಇಮೇಲೂ ನಿಲ್ಲುತ್ತದೆ.

ಇನ್ನು ಹೊಸ ವಾಹಿನಿಯವರು. ಸಂದರ್ಶನದಲ್ಲಿ ಹಳೆಯ ಕಚೇರಿಯಲ್ಲಿ ಯಾರಿಗೆ ಎಷ್ಟು ಸಂಬಳ, ಮುಂದಿನ ತಿಂಗಳು ಯಾವ ಕಾರ್ಯಕ್ರಮ ಬರುತ್ತಿದೆ, ಯಾವ ಜಾಹೀರಾತುದಾರರ ಜೊತೆ ಮಾತುಕತೆ ನಡೆದಿದೆ ಎಂದು ಮೆಲ್ಲಗೆ ಕೇಳುತ್ತಾರೆ. "ಅದನ್ನ ಹೇಳೋಕೆ ಬರಲ್ಲ ಸರ್" ಎಂದರೆ ಸಾಕು. ಅದಕ್ಕೇ ಮುಖ ಕೆಡಿಸಿಕೊಳ್ಳುವವರಾದರೆ, ಅವರ ಕರಾರಿಗೆ ಸಹಿ ಹಾಕುವ ಮೊದಲು ಯಾರಾದರೂ ವಕೀಲರಿಗೆ ತೋರಿಸಿ, ಕೆಲಸ ಬಿಡುವ ಕಲಂ ಇರುವ ಪುಟವನ್ನೇ ಮೊದಲು ಓದಿಸಿ.