ಪದ ಪರಿಚಯ: ಹಸಿರು ಕಚೇರಿ

ಒಂದು ಆಫೀಸಿಗೆ ದಿನವೂ ಕರೆಂಟ್ ಬರುತ್ತದೆ, ನೀರು ಬರುತ್ತದೆ, ಜನ ಬರುತ್ತಾರೆ, ಊಟ, ಕಾಫಿ ಬರುತ್ತವೆ. ಸಂಜೆ ಹೊತ್ತಿಗೆ ಕಸ, ಕೊಳಚೆ ನೀರು, ಬಿಸಿ ಗಾಳಿ ಹೊರಗೆ ಹೋಗುತ್ತವೆ. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಲೆಕ್ಕ ಇಟ್ಟು, ಕೆಲಸಕ್ಕೆ ತೊಂದರೆ ಆಗದ ಹಾಗೆ ಎರಡನ್ನೂ ಕಡಿಮೆ ಮಾಡುತ್ತಾ ಹೋಗುವ ಕಚೇರಿಯನ್ನು ಹಸಿರು ಕಚೇರಿ ಎನ್ನುತ್ತಾರೆ. ಇದರಲ್ಲಿ ಲೆಕ್ಕವೇ ಮುಖ್ಯ. ರಿಸೆಪ್ಶನ್‌ನಲ್ಲಿ ಗಿಡ ಇದ್ದರೆ ಚಂದ, ಇರಲಿ. ಆದರೆ ಅದರಿಂದ ಬೆಸ್ಕಾಂ ಬಿಲ್ಲಿನಲ್ಲಿ ಒಂದು ಯೂನಿಟ್ಟೂ ಇಳಿಯುವುದಿಲ್ಲ.

ಈ ಮಾತು ಬಂದಾಗಲೆಲ್ಲ ಗೃಹ, ಲೀಡ್, ಐಜಿಬಿಸಿ ಎಂಬ ಹೆಸರುಗಳೂ ಕೇಳಿಸುತ್ತವೆ. ಇವು ಪರಿಸರಸ್ನೇಹಿ ಕಟ್ಟಡಗಳಿಗೆ ಸಿಗುವ ರೇಟಿಂಗ್‌ಗಳು. ಒಳ್ಳೆಯವೇ. ಆದರೆ ಕಟ್ಟಡಕ್ಕೆ ಪ್ಲಾಟಿನಂ ಫಲಕ ಸಿಕ್ಕ ಮೇಲೂ ಶನಿವಾರ ಖಾಲಿ ಫ್ಲೋರಿಗೆ ಎಸಿ ಓಡುತ್ತಿರಬಹುದು, ಅಲ್ವಾ? ಕಟ್ಟಿದವರ ಕೆಲಸ ಒಂದು ದಿನ ಮುಗಿಯುತ್ತದೆ. ನಡೆಸುವವರ ಕೆಲಸ ದಿನವೂ ಇರುತ್ತದೆ.

ದೊಡ್ಡ ಆಫೀಸುಗಳಲ್ಲಿ ಸಾಮಾನ್ಯವಾಗಿ ಜಾಸ್ತಿ ಕರೆಂಟ್ ಎಳೆಯುವುದು ಎಸಿ. ಅದರ ತಾಪಮಾನವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ. 2020ರ ಜನವರಿಯಿಂದ ಸ್ಟಾರ್ ಗುರುತಿನ ರೂಮ್ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗುವಂತೆ ತಯಾರಾಗಬೇಕೆಂಬ ನಿಯಮವೂ ಬಂತು. ಆದರೂ ನಮ್ಮ ಎಷ್ಟೋ ಆಫೀಸುಗಳಲ್ಲಿ ಏಪ್ರಿಲ್ ತಿಂಗಳಲ್ಲಿ ಜನ ಸ್ವೆಟರ್ ಹಾಕಿಕೊಂಡು ಕೂರುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ವರ್ಷದ ಬಹಳಷ್ಟು ದಿನ ಬೆಳಗ್ಗೆ, ಸಂಜೆ ಹೊರಗಿನ ಗಾಳಿಯೇ ತಂಪಾಗಿರುತ್ತದೆ. ಅಂಥ ಊರಿನಲ್ಲಿ ನಾವು ತೆರೆಯಲಾಗದ ಗಾಜಿನ ಗೋಡೆ ಕಟ್ಟುತ್ತೇವೆ. ಬಿಸಿಲು ಒಳಗೆ ಬರುತ್ತದೆ. ಕಣ್ಣಿಗೆ ಹೊಡೆಯುತ್ತದೆಂದು ಪರದೆ ಇಳಿಸಿ ಹಗಲಿನಲ್ಲೇ ಲೈಟ್ ಹಾಕುತ್ತೇವೆ. ಸೆಕೆ ಆಗುತ್ತದೆಂದು ಎಸಿ ಇನ್ನಷ್ಟು ತಂಪು ಮಾಡುತ್ತೇವೆ. ಊರಿನ ಹವೆ ಪುಕ್ಕಟೆ ಕೊಟ್ಟಿದ್ದನ್ನು ಬೇಡ ಅಂದು, ಅದನ್ನೇ ದುಡ್ಡು ಕೊಟ್ಟು ತರಿಸಿಕೊಂಡ ಹಾಗೆ ಇದು.

ಬೇರೆ ದಾರಿ ಇದೆ ಎನ್ನುವುದಕ್ಕೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ, ಇಂಧನ ಮತ್ತು ಪರಿಸರದ ಬಗ್ಗೆ ಸಂಶೋಧನೆ ಮಾಡುವ ಟೆರಿ ಸಂಸ್ಥೆಯ ಕಚೇರಿಯನ್ನು ನೋಡಬಹುದು. ಆ ಜಾಗದ ಪಕ್ಕದಲ್ಲೇ ಒಂದು ಕೊಳಚೆ ಕಾಲುವೆ ಇದೆ. ದಕ್ಷಿಣದಿಂದ ಬೀಸುವ ಗಾಳಿ ಅದರ ವಾಸನೆಯನ್ನೂ ಹೊತ್ತು ತರುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿಬಿಡುವುದು ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ದಕ್ಷಿಣಕ್ಕೆ ಜೋಡಿ ಗೋಡೆ ಕಟ್ಟಿ ಆ ಕಡೆ ಮುಚ್ಚಿದರು. ಹೊರಗೋಡೆಗೆ ಕಪ್ಪು ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾಯುತ್ತದೆ, ಎರಡು ಗೋಡೆಗಳ ನಡುವಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆ ಸೆಳೆತಕ್ಕೆ ಉತ್ತರದ ಕಡೆಯಿಂದ ತಂಪು ಗಾಳಿ ಕಚೇರಿಯೊಳಗೆ ಹರಿದು ಬರುತ್ತದೆ. ಬೆಳಕೂ ಬಹುಪಾಲು ಉತ್ತರದಿಂದಲೇ. ಈ ಊರಿನ ಬಿಸಿಲು, ಗಾಳಿ, ಕೊನೆಗೆ ಚರಂಡಿಯನ್ನೂ ಗಮನದಲ್ಲಿಟ್ಟು ಮಾಡಿದ ಕಟ್ಟಡ ಅದು. ಹಸಿರು ಕಚೇರಿ ಅಂದಾಗ ನನಗೆ ಮೊದಲು ನೆನಪಾಗುವುದು ಅದೇ.

ಎಸಿಗೂ ನೀರಿಗೂ ಸಂಬಂಧ ಇದೆ ಎನ್ನುವುದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಅನೇಕ ಟೆಕ್ ಪಾರ್ಕ್‌ಗಳಲ್ಲಿ ಇರುವುದು ನೀರಿನಿಂದ ತಂಪಾಗುವ ಚಿಲ್ಲರ್, ಅಂದರೆ ಇಡೀ ಕಟ್ಟಡದ ಎಸಿಗೆ ತಂಪು ಒದಗಿಸುವ ದೊಡ್ಡ ಯಂತ್ರ. ಒಳಗಿನ ಬಿಸಿಯನ್ನು ಹೊರಹಾಕಲು ಅದರ ಕೂಲಿಂಗ್ ಟವರ್‌ನಲ್ಲಿ ನೀರು ಆವಿಯಾಗುತ್ತಲೇ ಇರಬೇಕು. ಎಸಿ ಜಾಸ್ತಿ ಓಡಿದಷ್ಟೂ ನೀರೂ ಜಾಸ್ತಿ ಖರ್ಚು. ಇನ್ನು ನಮ್ಮ ನೀರು ಎಲ್ಲಿಂದ ಬರುತ್ತದೆ? ಸುಮಾರು 100 ಕಿ.ಮೀ. ದೂರದಿಂದ. ಕಾವೇರಿ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ಈ ಎತ್ತರಕ್ಕೆ ಏರಿಸುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ಒಂದು ಬಕೆಟ್ ಕಾವೇರಿ ನೀರು ಉಳಿಸಿದರೆ ಅಷ್ಟು ಕರೆಂಟೂ ಉಳಿಯಿತು.

2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರ ಆದಾಗ ಜಲಮಂಡಳಿ ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟ್ ಮುಂತಾದ ಕಡೆಯ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನೀರಿನ ಜೊತೆ ಗಾಳಿ ಬೆರೆಸಿ ಹರಿವನ್ನು ತಗ್ಗಿಸುವ ಸಣ್ಣ ಜಾಲರಿ ಅದು. ಕಡಿಮೆ ಖರ್ಚು, ತಕ್ಷಣದ ಉಳಿತಾಯ. ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಶುದ್ಧವಾದ ನೀರನ್ನು ಫ್ಲಶ್‌ಗೆ, ತೋಟಕ್ಕೆ, ಕೂಲಿಂಗ್ ಟವರ್‌ಗೆ ಬಳಸುವುದು ಇದರ ಮುಂದಿನ ಹೆಜ್ಜೆ.

ಈಗ ಓಡಾಟಕ್ಕೆ ಬರೋಣ. ಒಂದು ಲ್ಯಾಪ್‌ಟಾಪ್ 50 ವಾಟ್‌ನಂತೆ ಎಂಟು ಗಂಟೆ ಓಡಿದರೆ 0.4 ಯೂನಿಟ್. ನಮ್ಮ ದೇಶದ ಗ್ರಿಡ್‌ನ ಒಂದು ಯೂನಿಟ್‌ಗೆ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ, ದಿನಕ್ಕೆ 300 ಗ್ರಾಂ ಒಳಗೇ ಆಯಿತು. ಅದೇ ಮನುಷ್ಯ ಒಬ್ಬನೇ ಕಾರಿನಲ್ಲಿ ಹೋಗಿ ಬಂದು 30 ಕಿ.ಮೀ. ಓಡಿಸಿದರೆ, 15ರ ಮೈಲೇಜ್ ಸಿಕ್ಕರೂ ಎರಡು ಲೀಟರ್ ಪೆಟ್ರೋಲ್ ಬೇಕು. ಲೀಟರ್‌ಗೆ 2.3 ಕೆಜಿಯಂತೆ 4.6 ಕೆಜಿ. ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಆ ಮೈಲೇಜೂ ಸಿಗುವುದು ಕಷ್ಟ. ‘ಹೋಗುವ ಮುಂಚೆ ಮಾನಿಟರ್ ಆರಿಸಿ’ ಎಂಬ ಚೀಟಿ ಅಂಟಿಸುವುದು ತಪ್ಪಲ್ಲ. ಆದರೆ ಮೆಟ್ರೋ ನಿಲ್ದಾಣದಿಂದ ಆಫೀಸಿಗೆ ಒಂದು ಶಟಲ್ ಬಸ್ ಬಿಟ್ಟರೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಉಪಕಾರ. ವೈಟ್‌ಫೀಲ್ಡ್‌ಗೆ 2023ರಿಂದ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಮೆಟ್ರೋ ಇದೆ. ಕಡೆಯ ಒಂದೆರಡು ಕಿಲೋಮೀಟರ್ ಜವಾಬ್ದಾರಿಯನ್ನು ಕಂಪನಿಗಳು ಹೊರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಸದ ನಿಯಮ ಈ ಊರಿನವರಿಗೆ ಹೊಸದೇನಲ್ಲ: ಎರಡು ಬುಟ್ಟಿ, ಒಂದು ಚೀಲ. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮನೆಯಲ್ಲಿ ತಪ್ಪದೆ ಪಾಲಿಸುವವರೂ ಆಫೀಸಿನಲ್ಲಿ ಅರ್ಧ ಸ್ಯಾಂಡ್‌ವಿಚ್ಚನ್ನು ಕಾಗದದ ಬುಟ್ಟಿಗೆ ಹಾಕುತ್ತಾರೆ. ಆಮೇಲೆ ಅದನ್ನು ಕೈಯಿಂದ ಬೇರೆ ಮಾಡಬೇಕಾದವರು ಹೌಸ್‌ಕೀಪಿಂಗ್‌ನವರು. ಪ್ರತಿ ಡೆಸ್ಕ್ ಕೆಳಗಿನ ಬುಟ್ಟಿ ತೆಗೆದು, ಫ್ಲೋರಿಗೆ ಒಂದೆರಡು ಕಡೆ ಗುರುತು ಹಾಕಿದ ಬುಟ್ಟಿ ಇಟ್ಟರೆ ಈ ಕಲಬೆರಕೆ ಎಷ್ಟೋ ಕಡಿಮೆಯಾಗುತ್ತದೆ. ಪೇಪರ್ ಕಪ್ ಪೂರ್ತಿ ಪೇಪರ್ ಅಲ್ಲ, ಒಳಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುತ್ತದೆ. ಪ್ಯಾಂಟ್ರಿಯಲ್ಲಿ ಸ್ಟೀಲ್ ಲೋಟ ಇಡಿ, ತೊಳೆಯಲು ಒಬ್ಬರನ್ನು ಸೇರಿಸಿಕೊಳ್ಳಿ. ಹಳೆಯ ಲ್ಯಾಪ್‌ಟಾಪ್, ಯುಪಿಎಸ್ ಬ್ಯಾಟರಿಗಳನ್ನು ಗುಜರಿಗೆ ಕೊಡಬೇಡಿ. ಅವು ಸೇರಬೇಕಾದದ್ದು ಅನುಮತಿ ಪಡೆದ ಮರುಬಳಕೆ ಘಟಕಕ್ಕೆ.

ಕಚೇರಿ ಎಷ್ಟು ಹಸಿರಾಗಿದೆ ಎಂದು ಅಳೆಯಲು ಸರಳ ಲೆಕ್ಕವೊಂದಿದೆ. ವರ್ಷಕ್ಕೆ ಖರ್ಚಾದ ಒಟ್ಟು ಯೂನಿಟ್‌ಗಳನ್ನು ಕಚೇರಿಯ ಚದರ ಮೀಟರ್‌ಗಳಿಂದ ಭಾಗಿಸಿ. ಇಂಧನ ದಕ್ಷತಾ ಬ್ಯೂರೋ ಕಚೇರಿ ಕಟ್ಟಡಗಳಿಗೆ ಸ್ಟಾರ್ ಕೊಡುವಾಗ ನೋಡುವುದೂ ಇದನ್ನೇ. ಹನ್ನೆರಡು ತಿಂಗಳ ಬಿಲ್ ಸೇರಿಸಿ, ಜನರೇಟರ್‌ನಿಂದ ಬಂದ ಯೂನಿಟ್‌ಗಳನ್ನೂ ಬಿಡಬೇಡಿ. ಬಾಡಿಗೆ ಫ್ಲೋರ್ ಆದರೆ ಚಿಲ್ಲರ್‌ನ ಖರ್ಚು ನಿಮ್ಮ ಬಿಲ್ಲಿನಲ್ಲಿ ಬಾರದೆ ಮೇಂಟೆನೆನ್ಸ್ ಹಣದಲ್ಲಿ ಸೇರಿಹೋಗಿರಬಹುದು. ನಿಮ್ಮ ಪಾಲೆಷ್ಟು ಎಂದು ಕಟ್ಟಡದ ಮಾಲೀಕರನ್ನು ಕೇಳಿ. ಪ್ರತ್ಯೇಕ ಮೀಟರ್ ಇಲ್ಲ ಎಂದರೆ, ಮೊದಲು ಅದನ್ನು ಹಾಕಿಸಿಕೊಳ್ಳಿ.